ಪಾಟ್-ಲಿಮಿಟ್ ಓಮಾಹಾ: ನಾಲ್ಕು ಎಲೆಯಲ್ಲಿ ಆರು ಜೋಡಿ ಎಣಿಸುವುದು, ಸೀಟು ನೋಡಿ ಕೈ ಆರಿಸುವುದು

ಓಮಾಹಾ ಒಂದು ಬಗೆಯ ಪೋಕರ್. ಕೈಗೆ ಎರಡೇ ಎಲೆ ಬರುವ ಇನ್ನೊಂದು ಪೋಕರ್ ಹೋಲ್ಡೆಮ್. ಅದನ್ನು ಆಡಿ ಅಭ್ಯಾಸವಾದವರ ಕೈಗೆ ಮೊದಲ ಸಲ ನಾಲ್ಕು ಎಲೆ ಬಂದಾಗ ಎಲ್ಲಾ ಕೈಯೂ ಚೆನ್ನಾಗೇ ಕಾಣುತ್ತದೆ. ಒಂದು ರಾಜ ಇದೆ, ಎರಡು ಆಟೀನು ಇದೆ, ಚಿಕ್ಕದೊಂದು ಜೋಡಿಯೂ ಇದೆ. ಇದನ್ನು ಬಿಡೋದು ಹೇಗೆ ಅನ್ನಿಸುತ್ತದೆ, ಅಲ್ವಾ? ಹಾಗೆ ಅನ್ನಿಸಿಯೇ ಹತ್ತರಲ್ಲಿ ಏಳೆಂಟು ಕೈ ಆಡುತ್ತಾರೆ. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ಟೇಬಲ್ ಮೇಲೆ ಬಿದ್ದಾಗ) ಏನೋ ಒಂದು ಸಿಗುತ್ತದೆ. ಸಿಕ್ಕಿದ್ದು ಎರಡನೇ ದರ್ಜೆಯದು ಅಂತ ಗೊತ್ತಾಗುವುದು ರಿವರ್ ಅನ್ನುವ ಐದನೇ, ಕೊನೆಯ ಎಲೆಯಲ್ಲಿ, ಚಿಪ್ಸ್ ಎಲ್ಲ ಮಧ್ಯಕ್ಕೆ ಹೋದ ಮೇಲೆ.

ಈ ಆಟದಲ್ಲಿ ಕಲಿಯಬೇಕಾದ ಮೊದಲ ಕೆಲಸ ಎಲೆ ಬಿಡುವುದು. ಯಾವ ಕೈ ಬಿಡಬೇಕು ಎನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ನಾಲ್ಕು ಎಲೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ, ಮತ್ತು ನೀವು ಯಾವ ಸೀಟಿನಲ್ಲಿ ಕೂತಿದ್ದೀರಿ. ಇವೆರಡನ್ನೂ ಎಣಿಸುವ ನನ್ನ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಆರು ಜನ ಕೂರುವ ಟೇಬಲ್ ಅಂತ ಇಟ್ಟುಕೊಳ್ಳೋಣ. ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಮೊತ್ತಕ್ಕೆ ಬ್ಲೈಂಡ್ ಅನ್ನುತ್ತಾರೆ. ಸ್ಮಾಲ್ ಬ್ಲೈಂಡ್ 5, ಬಿಗ್ ಬ್ಲೈಂಡ್ 10, ಪ್ರತಿಯೊಬ್ಬರ ಮುಂದೆ 1000 ಪಾಯಿಂಟ್.

ಪಾಯಿಂಟ್ ಅಂದಿದ್ದು ಬೇಕಂತಲೇ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಕಲಿಯುವುದಕ್ಕೆ ದುಡ್ಡು ಬೇಕಾಗಿಯೂ ಇಲ್ಲ. ನಮ್ಮ ಮನೆಯಲ್ಲಿ ಹುಣಸೆ ಬೀಜ ಇಟ್ಟು ಆಡುತ್ತೇವೆ. ಒಂದು ಬೀಜಕ್ಕೆ 5 ಪಾಯಿಂಟ್.

ಮೊದಲು: ಎರಡೇ ಎರಡು ಎಲೆ

ಕೊನೆಗೆ ಲೆಕ್ಕಕ್ಕೆ ಬರುವುದು ಐದು ಎಲೆ: ಕೈಯಿಂದ ಎರಡು, ಟೇಬಲ್‌ನಿಂದ ಮೂರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಟೇಬಲ್ ಮೇಲೆ ನಾಲ್ಕು ಆಟೀನು ಬಿದ್ದು, ನಿಮ್ಮ ಹತ್ತಿರ ಆಟೀನು ಎಕ್ಕ ಒಂದೇ ಇದ್ದರೆ ನಿಮಗೆ ಫ್ಲಶ್ (ಐದೂ ಒಂದೇ ಜಾತಿಯ ಎಲೆ) ಇಲ್ಲ. ಹೋಲ್ಡೆಮ್‌ನಿಂದ ಬಂದವರು ಇಲ್ಲಿ ಎಡವುತ್ತಲೇ ಇರುತ್ತಾರೆ. ಅದರಲ್ಲಿ ಆಶ್ಚರ್ಯವೇನಿಲ್ಲ. 1980ರ ದಶಕದ ಆರಂಭದಲ್ಲಿ ರಾಬರ್ಟ್ ಟರ್ನರ್ ಈ ಆಟವನ್ನು ಲಾಸ್ ವೇಗಸ್‌ನ ಗೋಲ್ಡನ್ ನಗೆಟ್ ಕ್ಯಾಸಿನೋಗೆ ತಂದಾಗ ಅಲ್ಲಿ ಇದನ್ನು ನಗೆಟ್ ಹೋಲ್ಡೆಮ್ ಅಂತಲೇ ಕರೆಯುತ್ತಿದ್ದರು.

ಕೈಯಲ್ಲಿ ನಾಲ್ಕೂ ಆಟೀನು ಬಂದರೂ ಖುಷಿಪಡಬೇಡಿ. ಆಡಲು ಬರುವುದು ಎರಡೇ. ಉಳಿದ ಎರಡನ್ನು ನೀವೇ ಹಿಡಿದು ಕೂತಿರುತ್ತೀರಿ, ಅವು ಟೇಬಲ್‌ಗೆ ಬರುವುದಿಲ್ಲ. ಎರಡು ಆಟೀನು ಹಿಡಿದವನಿಗೆ ಹೊರಗೆ ಇನ್ನೂ 11 ಇವೆ, ನಾಲ್ಕು ಹಿಡಿದವನಿಗೆ 9 ಮಾತ್ರ. ಕೈಯಲ್ಲಿ ಮೂರು ಎಕ್ಕ ಬಂದಾಗಲೂ ಇದೇ ಕಥೆ. ಮೂರನೇ ಎಕ್ಕ ನಿಮಗೇ ಅಡ್ಡ.

ಆರು ಜೋಡಿ ಎಣಿಸಿ

ನಾಲ್ಕು ಎಲೆಯಿಂದ ಎರಡೆರಡನ್ನು ಆರಿಸಿದರೆ ಆರು ಜೋಡಿ ಆಗುತ್ತವೆ. ಹೋಲ್ಡೆಮ್‌ನ ಆರು ಕೈಗಳನ್ನು ಒಟ್ಟಿಗೆ ಹಿಡಿದ ಹಾಗೆ. ಎಲೆ ಎತ್ತಿದ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಆರರಲ್ಲಿ ಎಷ್ಟು ಕೆಲಸ ಮಾಡುತ್ತವೆ?

ಗುಲಾಮ-10-9-8 ಬಂದಿದೆ ಅಂದುಕೊಳ್ಳಿ. ಗುಲಾಮ ಮತ್ತು 9 ಆಟೀನು, 10 ಮತ್ತು 8 ಕಳಾವರ್. ಗುಲಾಮ-10 ಸರಿ. ಗುಲಾಮ-9 ಸರಿ, ಅದು ಒಂದೇ ಸೂಟ್ ಕೂಡ. ಗುಲಾಮ-8 ಸರಿ. 10-9, 10-8, 9-8 ಎಲ್ಲವೂ ಸರಿ. ಆರಕ್ಕೆ ಆರು. ಹೀಗೆ ನಾಲ್ಕೂ ಸಾಲಾಗಿ ಬಂದ ಕೈಗೆ ರನ್‌ಡೌನ್ ಅನ್ನುತ್ತಾರೆ. ಎರಡೆರಡು ಎಲೆ ಒಂದೊಂದು ಸೂಟ್ ಆಗಿದ್ದರೆ ಡಬಲ್ ಸೂಟೆಡ್. 100 ಸಲ ಎಲೆ ಹಂಚಿದರೆ 13-14 ಸಲ ಮಾತ್ರ ಡಬಲ್ ಸೂಟೆಡ್ ಬರುತ್ತದೆ. ಬಂದಾಗ ಅದರ ಬೆಲೆ ಗೊತ್ತಿರಬೇಕು.

ಈಗ ರಾಜ-ರಾಣಿ-ಗುಲಾಮ-3 ನೋಡಿ. ರಾಜ-ರಾಣಿ, ರಾಜ-ಗುಲಾಮ, ರಾಣಿ-ಗುಲಾಮ ಚೆನ್ನಾಗಿವೆ. 3 ಸೇರಿದ ಮೂರು ಜೋಡಿ ದಂಡ. ಆರಕ್ಕೆ ಮೂರು. ಹೀಗೆ ಯಾರ ಜೊತೆಗೂ ಸೇರದೆ ನೇತಾಡುವ ಎಲೆಗೆ ಡ್ಯಾಂಗ್ಲರ್ ಅಂತ ಹೆಸರು. ಒಂದೇ ಎಲೆ ಕೆಟ್ಟಿತು, ಆದರೆ ಅರ್ಧ ಕೈ ಹೋಯಿತು. ನಾಲ್ಕರಲ್ಲಿ ಮೂರು ಚೆನ್ನಾಗಿವೆ, ಮುಕ್ಕಾಲು ಭಾಗ ಇದೆ ಅಂತ ಲೆಕ್ಕ ಹಾಕುವುದೇ ತಪ್ಪಾಗುವುದು ಹೀಗೆ.

ಇನ್ನು ಎಕ್ಕ-ಎಕ್ಕ-9-4, ನಾಲ್ಕೂ ಬೇರೆ ಬೇರೆ ಸೂಟ್. ಎಕ್ಕದ ಜೋಡಿ ಭರ್ಜರಿ. ಎಕ್ಕ-9 ಎರಡು ಸಲ, ಎಕ್ಕ-4 ಎರಡು ಸಲ, 9-4 ಒಂದು ಸಲ. ಈ ಐದರಲ್ಲಿ ಏನೂ ಇಲ್ಲ. ಆರಕ್ಕೆ ಒಂದು. ಇದನ್ನು ಒಣ ಎಕ್ಕ ಅಂತ ಕರೆಯುತ್ತೇನೆ. ಇದರ ವಿಷಯ ಮುಂದೆ ಇನ್ನಷ್ಟು ಇದೆ.

ಎಣಿಕೆ ಸಾಲದು, ನಟ್ಸ್ ಬೇಕು

ಆರು ಜೋಡಿ ಕೆಲಸ ಮಾಡಿದರೂ ಅವು ಕಟ್ಟುವ ಕೈ ಎಲ್ಲಕ್ಕಿಂತ ದೊಡ್ಡದಾಗುತ್ತದಾ ಅಂತ ನೋಡಬೇಕು. ಆ ಟೇಬಲ್‌ಗೆ ಸಾಧ್ಯವಿರುವ ಅತಿ ದೊಡ್ಡ ಕೈಗೆ ನಟ್ಸ್ ಅನ್ನುತ್ತಾರೆ. ಹೋಲ್ಡೆಮ್‌ನಲ್ಲಿ ಎರಡನೇ ದೊಡ್ಡ ಫ್ಲಶ್ ಬಂದರೆ ನಿಶ್ಚಿಂತೆ. ಓಮಾಹಾದಲ್ಲಿ ಪ್ರತಿಯೊಬ್ಬರ ಹತ್ತಿರವೂ ಆರು ಜೋಡಿ ಇವೆ. ನಾಲ್ಕು ಜನ ಫ್ಲಾಪ್ ನೋಡಿದರೆ 24 ಜೋಡಿ ಆಟದಲ್ಲಿವೆ. ನಿಮ್ಮನ್ನು ಸೋಲಿಸುವ ಒಂದು ಜೋಡಿ ಅದರಲ್ಲಿ ಇರುವ ಸಾಧ್ಯತೆ ಜಾಸ್ತಿ.

ಇದನ್ನು ಎಲೆ ಹರಡಿಕೊಂಡೇ ನೋಡಬೇಕು. ಸಾಧ್ಯವಾದರೆ ಒಂದು ಪ್ಯಾಕ್ ತನ್ನಿ. ಫ್ಲಾಪ್ 9-8-2, ಮೂರೂ ಬೇರೆ ಸೂಟ್. ಮೊದಲ ಕೈ ಗುಲಾಮ-10-7-6. ಸ್ಟ್ರೇಟ್, ಅಂದರೆ ಸಾಲಾಗಿ ಐದು ಎಲೆ, ಆಗಲು ಯಾವ ಎಲೆ ಬೇಕು? ನಾಲ್ಕು ರಾಣಿ, ಮೂರು ಗುಲಾಮ, ಮೂರು 10, ಮೂರು 7, ಮೂರು 6, ನಾಲ್ಕು 5. ಒಟ್ಟು 20 ಎಲೆ. ಇನ್ನೊಂದು ಎಲೆಗೆ ಕಾಯುವ ಕೈ ಡ್ರಾ. ಹೀಗೆ ಎರಡೂ ಕಡೆಯಿಂದ ಸುತ್ತಿಕೊಂಡ ಡ್ರಾಗೆ ರ‍್ಯಾಪ್ ಅನ್ನುತ್ತಾರೆ. 20ಕ್ಕಿಂತ ದೊಡ್ಡ ರ‍್ಯಾಪ್ ಇಲ್ಲ.

ಎರಡನೇ ಕೈ ರಾಣಿ-ಗುಲಾಮ-10-7, ಅದೇ ಫ್ಲಾಪ್. ಇಲ್ಲಿ ಮೂರು ರಾಣಿ, ಮೂರು ಗುಲಾಮ, ಮೂರು 10, ಮೂರು 7, ನಾಲ್ಕು 6. ಒಟ್ಟು 16. ನಾಲ್ಕು ಕಡಿಮೆ.

ಈಗ ಟರ್ನ್‌ನಲ್ಲಿ (ಟೇಬಲ್ ಮೇಲಿನ ನಾಲ್ಕನೇ ಎಲೆ) ಗುಲಾಮ ಬೀಳಲಿ. ಮೊದಲ ಕೈ 10-7 ಬಳಸಿ ಗುಲಾಮದವರೆಗಿನ ಸ್ಟ್ರೇಟ್ ಕಟ್ಟುತ್ತದೆ. ಎರಡನೇ ಕೈ ರಾಣಿ-10 ಬಳಸಿ ರಾಣಿಯವರೆಗೆ ಕಟ್ಟುತ್ತದೆ. ಮೊದಲನೆಯವನು ತನ್ನ ಎಲೆ ಬಂತು ಅಂತ ಪಾಟ್ (ಮಧ್ಯದಲ್ಲಿ ಸೇರಿದ ಮೊತ್ತ) ಎಷ್ಟಿದೆಯೋ ಅಷ್ಟನ್ನೂ ಕಟ್ಟುತ್ತಾನೆ, ಅವನ ಕೈ ಆಗಲೇ ಸೋತಿದೆ. 10 ಬಿದ್ದರೂ ಹೀಗೇ. ಅಂದರೆ ಮೊದಲ ಕೈಯ 20ರಲ್ಲಿ ನಟ್ಸ್ ಕೊಡುವುದು 14 ಮಾತ್ರ. ಎರಡನೇ ಕೈಯ 16ಕ್ಕೆ 16ರಲ್ಲೂ ನಟ್ಸ್. ಈ ಲೆಕ್ಕವನ್ನು ಮೊದಲ ಸಲ ಎಲೆ ಜೋಡಿಸಿ ನೋಡಿದ ದಿನ ನನ್ನ ಕೈ ಆರಿಸುವ ರೀತಿಯೇ ಬದಲಾಯಿತು.

ಇದರಿಂದ ಬರುವ ಪಾಠಗಳನ್ನು ಬೇಗ ಹೇಳಿಬಿಡುತ್ತೇನೆ. ಸಾಲಿನಲ್ಲಿ ಸಂದು ಇದ್ದರೆ ಅದು ಕೆಳಗಿರಲಿ. ಗುಲಾಮ-10-9-7 ಒಳ್ಳೆಯದು, ಗುಲಾಮ-9-8-7 ಅಷ್ಟಿಲ್ಲ. ದೊಡ್ಡ ಸಾಲು ಚಿಕ್ಕ ಸಾಲಿಗಿಂತ ಮೇಲು. 5-4-3-2 ಸಾಲಾಗಿ ಕಂಡರೂ ಅದು ಕಟ್ಟುವ ಸ್ಟ್ರೇಟ್ ಮೇಲೆ ಹೆಚ್ಚಾಗಿ ಇನ್ನೊಂದು ಸ್ಟ್ರೇಟ್ ಇರುತ್ತದೆ. ಸೂಟ್‌ನ ಮೇಲೆ ಎಕ್ಕ ಇದ್ದರೆ ಚಿನ್ನ, 8 ಇದ್ದರೆ ಅದು ಜೊತೆಗೆ ಸಿಕ್ಕ ಸಣ್ಣ ಸಹಾಯ ಅಷ್ಟೇ, ಅದನ್ನು ನಂಬಿ ಕೈ ಆಡಬೇಡಿ.

ಚಿಕ್ಕ ಜೋಡಿಗಳ ಬಗ್ಗೆಯೂ ಒಂದು ಮಾತು. ಕೈಯಲ್ಲಿ ಒಂದು ಜೋಡಿ ಇದ್ದರೆ ಫ್ಲಾಪ್‌ನಲ್ಲಿ ಅದರ ಮೂರನೆಯದು ಬೀಳುವುದು ಸುಮಾರು ಎಂಟು ಸಲಕ್ಕೆ ಒಮ್ಮೆ. ಎರಡು ಜೋಡಿ ಇದ್ದರೆ ನಾಲ್ಕು ಸಲಕ್ಕೆ ಒಮ್ಮೆಗೆ ಹತ್ತಿರ. ಹಾಗಾಗಿ ರಾಣಿ-ರಾಣಿ-ಗುಲಾಮ-ಗುಲಾಮ ಒಳ್ಳೆಯ ಕೈ. 3-3 ಜೊತೆಗೆ ಎರಡು ಒಂಟಿ ಎಲೆ ಅಂದರೆ ಬಿಡಿ. ಎಂಟು ಸಲ ಕಾದು ಸಿಕ್ಕ ಮೂರು 3ನ್ನು ಇನ್ನೊಬ್ಬರ ಮೂರು 9 ನುಂಗುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ.

ಪಾಟ್ ಎಷ್ಟು ಬೇಗ ಬೆಳೆಯುತ್ತದೆ

ಸೀಟಿನ ವಿಷಯಕ್ಕೆ ಬರುವ ಮೊದಲು ಈ ಲೆಕ್ಕ ತಿಳಿದಿರಬೇಕು. ಇದಿಲ್ಲದೆ ಸೀಟು ಯಾಕೆ ಮುಖ್ಯ ಅನ್ನುವುದು ಬರೀ ಬಾಯಿಮಾತು.

ಪಾಟ್-ಲಿಮಿಟ್ ಅಂದರೆ ಗರಿಷ್ಠ ರೇಸ್ (ಬೆಟ್ ಏರಿಸುವುದು) ಪಾಟ್‌ನಷ್ಟೇ. ಮೊದಲು ಕಾಲ್ ಮಾಡಿದ ಹಾಗೆ, ಅಂದರೆ ಎದುರಿನವರು ಇಟ್ಟಷ್ಟನ್ನೇ ಇಟ್ಟ ಹಾಗೆ, ಎಣಿಸಿ, ಆಮೇಲೆ ಪಾಟ್‌ನಲ್ಲಿ ಇರುವಷ್ಟನ್ನು ಮೇಲೆ ಇಡಿ. ಬ್ಲೈಂಡ್ 5 ಮತ್ತು 10 ಇದ್ದಾಗ, ನೀವು 10 ಕಾಲ್ ಮಾಡಿದರೆ ಪಾಟ್ 25. ಅದರ ಮೇಲೆ 25. ಒಟ್ಟು 35. ಇದು ಮೊದಲ ರೇಸ್.

ಬಟನ್‌ನಲ್ಲಿ (ಫ್ಲಾಪ್ ಬಂದ ಮೇಲೆ ಕೊನೆಗೆ ಆಡುವ ಸೀಟು) ಕೂತು ನೀವು 35 ಮಾಡಿದಿರಿ. ಬಿಗ್ ಬ್ಲೈಂಡ್ ಕಾಲ್ ಮಾಡಿದ. ಸ್ಮಾಲ್ ಬ್ಲೈಂಡ್ 5 ಬಿಟ್ಟು ಹೋದ. ಪಾಟ್ 75. ಫ್ಲಾಪ್‌ನಲ್ಲಿ ಒಬ್ಬರು ಪೂರ್ತಿ ಪಾಟ್ ಕಟ್ಟಿ ಇನ್ನೊಬ್ಬರು ಕಾಲ್ ಮಾಡಿದರೆ 225. ಟರ್ನ್‌ನಲ್ಲೂ ಹಾಗೇ ಆದರೆ 675. ಪ್ರತಿ ಸಲ ಮೂರು ಪಟ್ಟು. ಮೂರು ಸುತ್ತಿಗೆ ಕಟ್ಟಬೇಕಾದದ್ದು 75, 225, 675, ಒಟ್ಟು 975. ನಿಮ್ಮ ಮುಂದೆ ಉಳಿದಿರುವುದು 965. 35 ಪಾಯಿಂಟ್‌ನ ಸಣ್ಣ ರೇಸ್ ಮೂರೇ ಸುತ್ತಿನಲ್ಲಿ ಇಡೀ ರಾಶಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಪ್ರತಿ ಮೂರು ಪಟ್ಟಿನ ಹೊತ್ತಿಗೂ ಎದುರಿನವನು ಏನು ಮಾಡಿದ ಅಂತ ನೋಡಿ ಆಮೇಲೆ ತೀರ್ಮಾನಿಸುವ ಅವಕಾಶ ಯಾರಿಗಿದೆ? ಕೊನೆಗೆ ಆಡುವವನಿಗೆ. ಅವನು ಬೇಕಾದರೆ ಪಾಟ್ ಬೆಳೆಸುತ್ತಾನೆ. ಬೇಡವಾದರೆ ಚೆಕ್ ಮಾಡಿ, ಅಂದರೆ ಏನೂ ಕಟ್ಟದೆ, ಮುಂದಿನ ಎಲೆಯನ್ನು ಬಿಟ್ಟಿಯಾಗಿ ನೋಡುತ್ತಾನೆ. ಮೊದಲು ಆಡುವವನಿಗೆ ಎರಡೂ ಇಲ್ಲ. ಓಮಾಹಾದಲ್ಲಿ ಎರಡು ಒಳ್ಳೆಯ ಕೈಗಳ ನಡುವಿನ ಅಂತರವೂ ಚಿಕ್ಕದು. ಹೋಲ್ಡೆಮ್‌ನಲ್ಲಿ ಎಕ್ಕದ ಜೋಡಿ ರಾಜನ ಜೋಡಿಯನ್ನು ನೂರಕ್ಕೆ 80ಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆ. ಇಲ್ಲಿ ಒಣ ಎಕ್ಕಕ್ಕೆ ಒಳ್ಳೆಯ ಡಬಲ್ ಸೂಟೆಡ್ ರನ್‌ಡೌನ್ ಎದುರಾದರೆ 60 ದಾಟುವುದೇ ಕಷ್ಟ. ಕೈಗಳು ಇಷ್ಟು ಹತ್ತಿರ ಇರುವಾಗ ಸೀಟಿನ ಲಾಭವೇ ದೊಡ್ಡದಾಗುತ್ತದೆ.

ಸೀಟು ನೋಡಿ ಕೈ

ಬಿಗ್ ಬ್ಲೈಂಡ್‌ನ ಎಡಕ್ಕೆ ಕೂತವರು ಮೊದಲ ಸೀಟು. ನಂತರ ಎರಡನೇ ಸೀಟು, ಕಟಾಫ್, ಬಟನ್, ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್. ಫ್ಲಾಪ್ ಬಂದ ಮೇಲೆ ಮೊದಲು ಆಡುವುದು ಸ್ಮಾಲ್ ಬ್ಲೈಂಡ್, ಕೊನೆಗೆ ಬಟನ್.

ಮೊದಲ ಸೀಟಿನಲ್ಲಿ ನಿಮ್ಮ ಹಿಂದೆ ಐದು ಜನ ಇದ್ದಾರೆ. ನೂರರಲ್ಲಿ 15ರಿಂದ 18 ಕೈ ಸಾಕು. ಜೊತೆ ಚೆನ್ನಾಗಿರುವ ಎಕ್ಕದ ಜೋಡಿ, ಒಂದು ಸೂಟ್ ಆದರೂ ಇರುವ ದೊಡ್ಡ ರನ್‌ಡೌನ್, ರಾಜ-ರಾಜ-ರಾಣಿ-ಗುಲಾಮ ಥರದ್ದು, ಎಕ್ಕದ ಸೂಟ್ ಇರುವ ದೊಡ್ಡ ಎಲೆಗಳು. ರಾಜ-ರಾಜ-7-2 ಬಿಡಿ. ಹೌದು, ರಾಜನ ಜೋಡಿ ಇದ್ದರೂ ಬಿಡಿ. ಎರಡನೇ ಸೀಟಿನಲ್ಲಿ 20ರವರೆಗೆ ಹೋಗಬಹುದು, ಬೇರೆ ದೊಡ್ಡ ವ್ಯತ್ಯಾಸ ಇಲ್ಲ.

ಕಟಾಫ್‌ನಲ್ಲಿ 28-30. ಇಲ್ಲಿಂದ ಮಧ್ಯಮ ರನ್‌ಡೌನ್‌ಗಳು ಒಳಗೆ ಬರುತ್ತವೆ. ಮೇಲೆ ಇದ್ದ ರಾಜ-ರಾಣಿ-ಗುಲಾಮ-3ಕ್ಕೆ ಸೂಟ್ ಇದ್ದರೆ ಅದನ್ನೂ ಇಲ್ಲಿ ಆಡಬಹುದು.

ಬಟನ್ ಎಲ್ಲಕ್ಕಿಂತ ಒಳ್ಳೆಯ ಜಾಗ. ಎಲ್ಲರೂ ಬಿಟ್ಟು ನಿಮ್ಮವರೆಗೆ ಬಂದರೆ ಸುಮಾರು 45 ಕೈ ರೇಸ್ ಮಾಡಬಹುದು. ಕಾಲ್ ಮಾಡಿ ಸುಮ್ನೆ ಒಳಗೆ ಹೋಗಬೇಡಿ, ರೇಸ್ ಮಾಡಿ. ಪಾಟ್ ನಿಮ್ಮ ಸೀಟಿನಲ್ಲಿ ಬೆಳೆದಷ್ಟೂ ನಿಮಗೆ ಒಳ್ಳೆಯದು. ಕಟಾಫ್‌ನವರು ರೇಸ್ ಮಾಡಿದ್ದರೆ ಮತ್ತೆ ಮೇಲಕ್ಕೆ ಏರಿಸಲು ಕೂಡ ಇದೇ ಜಾಗ. 10-9-8-7 ಡಬಲ್ ಸೂಟೆಡ್ ಹಿಡಿದು 120 ಮಾಡಿ ಬ್ಲೈಂಡ್‌ಗಳನ್ನು ಹೊರಗೆ ಕಳಿಸಿ, ಒಬ್ಬನ ವಿರುದ್ಧ ಕೊನೆಗೆ ಆಡುವುದಕ್ಕಿಂತ ಹಿತವಾದ ಆಟ ಇದರಲ್ಲಿ ಇನ್ನೊಂದಿಲ್ಲ.

ಸ್ಮಾಲ್ ಬ್ಲೈಂಡ್ ಅತಿ ಕೆಟ್ಟ ಜಾಗ. 5 ಪಾಯಿಂಟ್ ಆಗಲೇ ಇಟ್ಟಾಗಿದೆ, ಇನ್ನು 30 ಇಟ್ಟರೆ ಆಯ್ತು ಅನ್ನಿಸುತ್ತದೆ. ಆ 5ನ್ನು ಮರೆತುಬಿಡಿ. ನೀವು ಇಡುತ್ತಿರುವುದು 30 ಅಲ್ಲ, ಮೇಲೆ ನೋಡಿದ 975ರ ದಾರಿಗೆ ಕಾಲಿಡುತ್ತಿದ್ದೀರಿ, ಅದೂ ಮೂರು ಸುತ್ತೂ ಮೊದಲು ಮಾತಾಡುವ ಜಾಗದಿಂದ. ಮೊದಲ ಸೀಟಿನಲ್ಲಿ ಆಡುವಂಥ ಕೈಗಳನ್ನೇ ಇಲ್ಲೂ ಆಡಿ.

ಬಿಗ್ ಬ್ಲೈಂಡ್‌ನಲ್ಲಿ ಸ್ವಲ್ಪ ಸಡಿಲ ಬಿಡಬಹುದು. ಬಟನ್ 35 ಮಾಡಿದಾಗ ನೀವು 25 ಇಟ್ಟು 75ರ ಪಾಟ್‌ಗೆ ಆಡುತ್ತೀರಿ. ಮೂರರಲ್ಲಿ ಒಂದು ಪಾಲು. ಆದರೂ ಆರಿಸಿ. ನಟ್ಸ್ ಕಟ್ಟಬಲ್ಲ ಕೈ ಇರಲಿ, ಒಂದು ಜೋಡಿ ಮತ್ತು ಎರಡು ಒಂಟಿ ಎಲೆ ಬೇಡ.

ಒಂದೇ ಕೈ ಹೇಗೆ ಬದಲಾಗುತ್ತದೆ ನೋಡಿ. 9-8-7-5, 9 ಮತ್ತು 7 ಮಾತ್ರ ಒಂದೇ ಸೂಟ್. ಮೊದಲ ಸೀಟಿನಲ್ಲಿ ಬಿಡುತ್ತೇನೆ. ಕಟಾಫ್‌ನಲ್ಲಿ ಹಿಂದಿನವರು ಜಾಸ್ತಿ ಏರಿಸದೆ ಇದ್ದರೆ ರೇಸ್. ಬಟನ್‌ನಲ್ಲಿ ಯೋಚನೆಯೇ ಇಲ್ಲದೆ ರೇಸ್. ಸ್ಮಾಲ್ ಬ್ಲೈಂಡ್‌ನಲ್ಲಿ ರೇಸ್ ಎದುರಾದರೆ ಫೋಲ್ಡ್ (ಕೈ ಬಿಡುವುದು). ಬಿಗ್ ಬ್ಲೈಂಡ್‌ನಲ್ಲಿ ಒಬ್ಬನೇ ರೇಸ್ ಮಾಡಿದ್ದರೆ ಕಾಲ್. ಎಲೆ ಅದೇ ನಾಲ್ಕು, ಐದು ಜಾಗದಲ್ಲಿ ಐದು ಯೋಚನೆ.

ಒಣ ಎಕ್ಕ: ಒಂದು ಸೋತ ಕೈಯ ವಿವರ

ಎಕ್ಕದ ಜೋಡಿ ಸುಮಾರು 39 ಕೈಗೆ ಒಮ್ಮೆ ಬರುತ್ತದೆ. ಗೆಳೆಯರೊಬ್ಬರ ಮನೆಯಲ್ಲಿ ಆಡುತ್ತಿದ್ದಾಗ ನನಗೆ ಸ್ಮಾಲ್ ಬ್ಲೈಂಡ್‌ನಲ್ಲಿ ಎಕ್ಕ-ಎಕ್ಕ-9-4 ಬಂತು. ಯಾವ ಸೂಟೂ ಸೇರಿರಲಿಲ್ಲ. ಬಟನ್‌ನವರು 35 ಮಾಡಿದರು. ನಾನು ಪೂರ್ತಿ ಏರಿಸಿ 115 ಮಾಡಿದೆ. ಅವರು ಕಾಲ್ ಮಾಡಿದರು. ಪಾಟ್ 240, ನನ್ನ ಮುಂದೆ 885.

ಫ್ಲಾಪ್ ಗುಲಾಮ-10-6, ಅದರಲ್ಲಿ ಎರಡು ಆಟೀನು. ಮೊದಲು ಆಡಬೇಕಾದವನು ನಾನು. ಎಕ್ಕ ಇದೆಯಲ್ಲ ಅಂತ 240 ಕಟ್ಟಿದೆ. ಅವರು ಅಷ್ಟೂ ಒಳಗೆ ತಳ್ಳಿದರು. ಬಿಡಲು ಮನಸ್ಸು ಬರಲಿಲ್ಲ. ಅವರ ಕೈ ರಾಣಿ-9-8-7, ಅದರಲ್ಲಿ ಎರಡು ಆಟೀನು. ರಾಜ, ರಾಣಿ, 9, 8, 7 ಯಾವುದು ಬಂದರೂ ಸ್ಟ್ರೇಟ್, ಯಾವ ಆಟೀನು ಬಂದರೂ ಫ್ಲಶ್. ಆ ಹೊತ್ತಿಗೆ ಮುಂದಿದ್ದವನು ನಾನು, ಆದರೆ ಗೆಲ್ಲುವ ಸಾಧ್ಯತೆ ಜಾಸ್ತಿ ಇದ್ದದ್ದು ಅವರಿಗೆ. ಟರ್ನ್‌ನಲ್ಲೇ 8 ಬಂತು.

ತಪ್ಪು ಫ್ಲಾಪ್‌ನಲ್ಲಿ ಆಗಲಿಲ್ಲ, ಅದಕ್ಕೂ ಮೊದಲೇ ಆಗಿತ್ತು. ಸ್ಮಾಲ್ ಬ್ಲೈಂಡ್‌ನಿಂದ ಹಾಗೆ ಏರಿಸಿದವನ ಹತ್ತಿರ ಹೆಚ್ಚಾಗಿ ಎಕ್ಕದ ಜೋಡಿ ಇರುತ್ತದೆ ಅಂತ ಅವರಿಗೆ ಗೊತ್ತು. ಅವರ ಹತ್ತಿರ ಏನಿದೆ ಅಂತ ನನಗೆ ಗೊತ್ತಿಲ್ಲ. 240ರ ಪಾಟ್‌ಗೆ ಇನ್ನೂ 885 ಬಾಕಿ, ಮೊದಲು ಮಾತಾಡುವ ಸೀಟು. ಮೂರೂ ನನಗೆ ವಿರುದ್ಧ.

ಅಂದಿನಿಂದ ಒಣ ಎಕ್ಕಕ್ಕೆ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಫ್ಲಾಪ್‌ಗೆ ಮೊದಲೇ ರಾಶಿಯ ಮೂರನೇ ಒಂದು ಭಾಗ ಒಳಗೆ ಹೋಗುವ ಹಾಗಿದ್ದರೆ ಪೂರ್ತಿ ಏರಿಸುತ್ತೇನೆ. ನಾನು 35 ಮಾಡಿ, ಹಿಂದಿನವರು 120 ಮಾಡಿದರೆ ನಾನು 375ರವರೆಗೆ ಹೋಗಬಹುದು. ಅವರು ಕಾಲ್ ಮಾಡಿದರೆ ಪಾಟ್ 765, ಉಳಿದದ್ದು 625. ಇನ್ನೊಂದೇ ಬೆಟ್. ಅಲ್ಲಿ ಊಹೆಗೆ ಜಾಗವೇ ಇಲ್ಲ. ಅಷ್ಟು ಒಳಗೆ ಹಾಕಲು ಆಗದಿದ್ದರೆ ಬರೀ ಕಾಲ್ ಮಾಡಿ, ಮೂರನೇ ಎಕ್ಕ ಬಿದ್ದರೆ ಆಟ, ಇಲ್ಲದಿದ್ದರೆ ಬಿಟ್ಟೆ. ಎಕ್ಕ-ಎಕ್ಕ-ಗುಲಾಮ-10 ಡಬಲ್ ಸೂಟೆಡ್‌ಗೆ ಈ ನಿಯಮ ಬೇಡ. ಅದು ಯಾವ ಸೀಟಿನಲ್ಲೂ ಏರಿಸುವ ಕೈ.

ದಾಳ ಹಾಕಿ ಅಭ್ಯಾಸ

ಆರು ಸೀಟು, ದಾಳಕ್ಕೂ ಆರು ಮುಖ. ಹಾವು ಏಣಿಯ ದಾಳ ಇದ್ದರೆ ಸಾಕು. 1 ಬಂದರೆ ಮೊದಲ ಸೀಟು, 2 ಎರಡನೆಯದು, 3 ಕಟಾಫ್, 4 ಬಟನ್, 5 ಸ್ಮಾಲ್ ಬ್ಲೈಂಡ್, 6 ಬಿಗ್ ಬ್ಲೈಂಡ್. 5 ಅಥವಾ 6 ಬಂದಾಗ ಬಟನ್‌ನವರು 35 ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಉಳಿದ ಸೀಟುಗಳಲ್ಲಿ ಎಲ್ಲರೂ ಬಿಟ್ಟು ನಿಮ್ಮವರೆಗೆ ಬಂದಿದೆ.

ಎಲೆ ಕಲೆಸಿ ನಾಲ್ಕು ಎತ್ತಿ. ದಾಳ ಹಾಕುವ ಮೊದಲು ಆರು ಜೋಡಿಯನ್ನೂ ಬಾಯಿಬಿಟ್ಟು ಹೇಳಿ, ಎಷ್ಟು ಕೆಲಸ ಮಾಡುತ್ತವೆ ಅಂತ ಎಣಿಸಿ. ಸೂಟ್ ಎಷ್ಟಿದೆ, ಅದರ ಮೇಲೆ ಯಾವ ಎಲೆ ಇದೆ ಅಂತ ಹೇಳಿ. ಆಮೇಲೆ ದಾಳ. ರೇಸ್, ಕಾಲ್, ಫೋಲ್ಡ್ ಮೂರರಲ್ಲಿ ಒಂದನ್ನು ಹೇಳಿ, ಯಾಕೆ ಅನ್ನುವುದನ್ನು ಒಂದೇ ವಾಕ್ಯದಲ್ಲಿ ಹೇಳಿ. ಒಂದು ವಾಕ್ಯದಲ್ಲಿ ಹೇಳಲು ಬರದಿದ್ದರೆ ಆ ಕೈಯನ್ನು ಪಕ್ಕಕ್ಕಿಟ್ಟು ಬರೆದುಕೊಳ್ಳಿ. ಮೊದಲ ವಾರ ಒಂದು ಕೈಗೆ ಒಂದು ನಿಮಿಷ ಬೇಕಾಗುತ್ತದೆ. ದಿನಕ್ಕೆ 30 ಕೈ ಮಾಡಿದರೆ ಎರಡನೇ ವಾರಕ್ಕೆ ಜೋಡಿಗಳು ಬಾಯಿಂದ ತಾನಾಗಿ ಬರುತ್ತವೆ.

ಬರೆದಿಟ್ಟ ಕೈಗಳನ್ನು ಭಾನುವಾರ ಮತ್ತೆ ತೆಗೆಯಿರಿ. ಪ್ರತಿಯೊಂದನ್ನೂ 4ರಲ್ಲಿ ಒಮ್ಮೆ, 5ರಲ್ಲಿ ಒಮ್ಮೆ ಇಟ್ಟು ನೋಡಿ. ಬಟನ್‌ನಲ್ಲಿ ನಗುತ್ತಾ ಏರಿಸಿದ ಕೈಯನ್ನು ಪಕ್ಕದ ಸೀಟಿನಲ್ಲಿ ಹಿಂದೆಮುಂದೆ ನೋಡದೆ ಬಿಡಲು ಆಗುತ್ತಿದೆ ಅಂದರೆ, ಟೇಬಲ್‌ಗೆ ಕೂರಬಹುದು.